ಆಕಾಶದಲ್ಲಿ ಮೇಜು ಇಟ್ಟವರು ಯಾರು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಮೊನ್ನೆ ಮಾಳಿಗೆ ಮೇಲೆ ನಿಂತು ಫೋನಿನ ನಕ್ಷತ್ರದ ಆಪ್ ತೆರೆದು ದಕ್ಷಿಣಕ್ಕೆ ಹಿಡಿದಳು. ನೆಲಕ್ಕೆ ಅಂಟಿಕೊಂಡಂತೆ ‘ಮೆನ್ಸಾ’ ಎಂಬ ಹೆಸರು ಬಂತು. ಅದರ ಅರ್ಥ ಮೇಜು ಅಂತೆ. ಆಕಾಶದಲ್ಲಿ ಮೇಜು ಯಾಕೆ ಬಂತು? ಪುರಾಣದ ಕಥೆ ಏನಾದರೂ ಇದೆಯಾ? ಬುದ್ಧಿವಂತರ ಸಂಘ ಮೆನ್ಸಾಗೂ ಇದಕ್ಕೂ ಸಂಬಂಧ ಉಂಟಾ? ಹುಬ್ಬಳ್ಳಿಯಿಂದ ನಿಜವಾಗಿ ಕಾಣುತ್ತದಾ? ಕನ್ನಡದಲ್ಲಿ ಏನೆಂದು ಕರೆಯಬೇಕು?

ಉತ್ತರ: ಮೊದಲು ಮಗಳಿಗೆ ಇಷ್ಟು ಹೇಳಿ. ಅದು ಮೇಜು ಅಲ್ಲ, ಬೆಟ್ಟ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಊರಿನ ಬೆನ್ನಿಗೆ ಒಂದು ಬೆಟ್ಟ ನಿಂತಿದೆ. ಎತ್ತರ 1,086 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಅದರ ಮುಂದೆ ಇದು ಗಿಡ್ಡ. ಆದರೆ ಆಕಾರ ಒಮ್ಮೆ ನೋಡಿದವರು ಮರೆಯುವಂಥದ್ದಲ್ಲ. ನೆತ್ತಿಯನ್ನು ಯಾರೋ ಗರಗಸದಿಂದ ಕೊಯ್ದು ತೆಗೆದಂತೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಚಪ್ಪಟೆ. ಅದಕ್ಕೇ ಅದರ ಹೆಸರು ಟೇಬಲ್ ಮೌಂಟನ್. ಆಕಾಶಕ್ಕೆ ಏರಿದ್ದು ಈ ಬೆಟ್ಟ. ದಾರಿಯಲ್ಲಿ ‘ಬೆಟ್ಟ’ ಅನ್ನುವ ಪದ ಉದುರಿಹೋಗಿ ಬರೀ ‘ಮೇಜು’ ಉಳಿಯಿತು. ಉದುರಿಸಿದ್ದು ಯಾರು ಅನ್ನುವುದೂ ಗೊತ್ತು. ಆ ತಮಾಷೆಗೆ ಆಮೇಲೆ ಬರುತ್ತೇನೆ.

ಪುರಾಣದ ಕಥೆ ಇಲ್ಲ. ಇರಲು ಸಾಧ್ಯವೂ ಇಲ್ಲ. ಈ ನಕ್ಷತ್ರಪುಂಜಕ್ಕೆ ಇನ್ನೂ ಮುನ್ನೂರು ವರ್ಷ ಆಗಿಲ್ಲ. ಗ್ರೀಕರಿಗೂ ನಮ್ಮ ಹಿರಿಯರಿಗೂ ಆಕಾಶದ ಆ ತುದಿ ಸರಿಯಾಗಿ ಕಂಡೇ ಇರಲಿಲ್ಲ. ದಕ್ಷಿಣ ಧ್ರುವದ ಸುತ್ತಲಿನ ಆಕಾಶ ಅವರ ದಿಗಂತದ ಕೆಳಗೇ ಸುತ್ತುತ್ತಿತ್ತು. ಕಾಣದ ನಕ್ಷತ್ರಕ್ಕೆ ಕಥೆ ಕಟ್ಟುವವರು ಯಾರು?

ಸಂಘದ ಮೆನ್ಸಾಗೂ ಇದಕ್ಕೂ ಸಂಬಂಧ ಇಲ್ಲ. ಅದು 1946ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಶುರುವಾಯಿತು. ಎಲ್ಲರೂ ಸರಿಸಮನಾಗಿ ಕೂರುವ ದುಂಡು ಮೇಜು ಅನ್ನುವ ಅರ್ಥದಲ್ಲಿ ಅವರು ಅದೇ ಲ್ಯಾಟಿನ್ ಪದವನ್ನು ಎತ್ತಿಕೊಂಡರು, ಅಷ್ಟೇ.

ಈಗ ಬೆಟ್ಟವನ್ನು ಮೇಲಕ್ಕೆ ಏರಿಸಿದವರ ಕಥೆ. ನಿಕೊಲಾ ಲೂಯಿ ದ ಲಕಾಯ್ ಎಂಬ ಫ್ರೆಂಚ್ ಪಾದ್ರಿ. ಪಾದ್ರಿ ಅನ್ನುವುದು ಹೆಸರಿಗೆ, ಕೆಲಸವೆಲ್ಲ ಲೆಕ್ಕ ಮತ್ತು ಆಕಾಶ. ಹುಟ್ಟಿದ್ದು 1713ರಲ್ಲಿ. 1751ರ ಏಪ್ರಿಲ್‌ನಲ್ಲಿ ಹಡಗಿನಿಂದ ಕೇಪ್‌ನಲ್ಲಿ ಇಳಿದರು. ಆಗ ಆ ಊರು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೈಲಿತ್ತು. ಯುರೋಪಿನಿಂದ ನಮ್ಮ ಕಡೆ ಬರುವ ಹಡಗುಗಳು ನೀರು, ತರಕಾರಿ, ಮಾಂಸ ತುಂಬಿಸಿಕೊಳ್ಳಲು ನಿಲ್ಲುವ ಜಾಗ. ಲಕಾಯ್ ಬಂದಿದ್ದು ಮಾತ್ರ ಆಕಾಶದ ಲೆಕ್ಕ ಬರೆಯಲು. ಉತ್ತರದ ನಕ್ಷತ್ರಗಳ ಪಟ್ಟಿ ಯುರೋಪಿನಲ್ಲಿ ಚೆನ್ನಾಗಿ ತಯಾರಾಗಿತ್ತು. ದಕ್ಷಿಣದ್ದು ಅರೆಬರೆ.

ಅವರು ಬಳಸಿದ ದೂರದರ್ಶಕದ ಅಳತೆ ಕೇಳಿದರೆ ಮಗಳು ನಗಬಹುದು. ಗಾಜಿನ ಅಗಲ ಸುಮಾರು ಅರ್ಧ ಇಂಚು, ಹೆಬ್ಬೆರಳಿನ ಉಗುರಿನಷ್ಟು. ದೊಡ್ಡದಾಗಿ ತೋರಿಸುವುದು ಎಂಟು ಪಟ್ಟು ಮಾತ್ರ. ಇವತ್ತು ಮಕ್ಕಳಿಗೆ ಕೊಡಿಸುವ ಬೈನಾಕ್ಯುಲರ್‌ನ ಗಾಜೂ ಅದಕ್ಕಿಂತ ದೊಡ್ಡದಿರುತ್ತದೆ. ಇಂಥದ್ದರಲ್ಲಿ ಕಣ್ಣಿಟ್ಟು, 1751ರ ಆಗಸ್ಟ್‌ನಿಂದ 1752ರ ಜುಲೈವರೆಗೆ, ಹತ್ತು ಸಾವಿರಕ್ಕೆ ಸ್ವಲ್ಪವೇ ಕಮ್ಮಿ ನಕ್ಷತ್ರಗಳ ಜಾಗ ಗುರುತು ಹಾಕಿದರು. ಒಂದು ವರ್ಷವೂ ಪೂರ್ತಿ ಹಿಡಿಯಲಿಲ್ಲ.

ಹೇಗೆ ಅಂತೀರಾ? ಉಪಾಯ ಸರಳ. ದೂರದರ್ಶಕವನ್ನು ಒಂದು ಎತ್ತರಕ್ಕೆ ಕಟ್ಟಿಬಿಡುವುದು. ಅದನ್ನು ಅಲುಗಾಡಿಸುವುದಿಲ್ಲ. ಭೂಮಿ ತಿರುಗುತ್ತದಲ್ಲ, ನಕ್ಷತ್ರಗಳೇ ಸಾಲಾಗಿ ಗಾಜಿನ ಮುಂದೆ ಹಾದುಹೋಗುತ್ತವೆ. ಒಳಗೆ ಕಣ್ಣಿನ ಹತ್ತಿರ ವಜ್ರದ ಆಕಾರದ ಒಂದು ಲೋಹದ ಚೌಕಟ್ಟು. ನಕ್ಷತ್ರ ಆ ಚೌಕಟ್ಟಿನೊಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಎರಡನ್ನೂ ಗಡಿಯಾರ ನೋಡಿ ಬರೆದುಕೊಳ್ಳುವುದು. ಎರಡರ ನಡುವಿನ ಕ್ಷಣ ನಕ್ಷತ್ರ ಪೂರ್ವ ಪಶ್ಚಿಮದಲ್ಲಿ ಎಲ್ಲಿದೆ ಎಂದು ಹೇಳುತ್ತದೆ. ಒಳಗೆ ಎಷ್ಟು ಹೊತ್ತು ಇತ್ತು ಅನ್ನುವುದು ಉತ್ತರ ದಕ್ಷಿಣದ ಜಾಗ ಹೇಳುತ್ತದೆ. ವಜ್ರದ ನಡುಭಾಗ ಅಗಲ, ತುದಿಗಳು ಚೂಪು ಅಲ್ವಾ? ನಡುವೆ ಹಾದರೆ ಜಾಸ್ತಿ ಹೊತ್ತು, ತುದಿಯ ಹತ್ತಿರ ಹಾದರೆ ಕಮ್ಮಿ ಹೊತ್ತು. ಈ ಚೌಕಟ್ಟಿನ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದರೆ ಅದನ್ನೂ ಒಂದು ನಕ್ಷತ್ರಪುಂಜ ಮಾಡಿಬಿಟ್ಟರು. ರೆಟಿಕ್ಯುಲಮ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ.

ಅವರಿಗಿಂತ ನೂರೈವತ್ತು ವರ್ಷ ಮುಂಚೆ ಡಚ್ ನಾವಿಕರು ದಕ್ಷಿಣದಲ್ಲಿ ಹನ್ನೆರಡು ಹೊಸ ಪುಂಜ ಮಾಡಿದ್ದರು. ಬಹುಪಾಲು ಪ್ರಾಣಿ ಪಕ್ಷಿಗಳು. ಹಾರುವ ಮೀನು, ಗೋಸುಂಬೆ, ನವಿಲು, ನೀರುಹಾವು, ಹೀಗೆ. ಅವುಗಳ ನಡುವೆ ಖಾಲಿ ಜಾಗ ಉಳಿದಿತ್ತು. ಲಕಾಯ್ ಅಲ್ಲಿ ಹದಿನಾಲ್ಕು ಹೊಸ ಪುಂಜ ಸೇರಿಸಿದರು. ಅವರ ಕಾಲ ಯಂತ್ರ, ವಿಜ್ಞಾನ, ಕುಶಲಕಲೆಗಳ ಕಾಲ. ಹಾಗಾಗಿ ಸೂಕ್ಷ್ಮದರ್ಶಕ, ದೂರದರ್ಶಕ, ಗಾಳಿ ಎಳೆಯುವ ಪಂಪು, ಲೋಲಕದ ಗಡಿಯಾರ, ಹಡಗಿನ ದಿಕ್ಸೂಚಿ, ಕೈವಾರ, ರಸಾಯನಶಾಸ್ತ್ರದ ಒಲೆ, ಕೆತ್ತನೆಯ ಉಳಿ ಎಲ್ಲವೂ ಆಕಾಶಕ್ಕೆ ಹೋದವು. ಸ್ವಲ್ಪ ಕಮ್ಮಾರಸಾಲೆ, ಸ್ವಲ್ಪ ಶಾಲೆಯ ಲ್ಯಾಬು. ನನಗಂತೂ ಇದು ಅಷ್ಟು ರುಚಿಸುವುದಿಲ್ಲ. ಗಾಳಿಪಂಪಿನ ಕೆಳಗೆ ಮಲಗಿ ಮಗುವಿಗೆ ಯಾವ ಕಥೆ ಹೇಳುವುದು?

ಹದಿನಾಲ್ಕರಲ್ಲಿ ಹದಿಮೂರು ಸಲಕರಣೆ. ಉಳಿದ ಒಂದೇ ಒಂದು ಬೆಟ್ಟ.

ಯಾಕೆ ಬೆಟ್ಟ? ಲಕಾಯ್ ಉಳಿದಿದ್ದು ಕೇಪ್‌ಟೌನ್‌ನ ಸ್ಟ್ರಾಂಡ್ ಬೀದಿಯಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಮುಖ ಮಾಡಿದರೆ ಎದುರಿಗೇ ಟೇಬಲ್ ಮೌಂಟನ್. ಅವರು ಅಳೆಯಬೇಕಾದ ನಕ್ಷತ್ರಗಳೂ ದಕ್ಷಿಣದಲ್ಲೇ. ಅಂದರೆ ವರ್ಷಪೂರ್ತಿ ಅವರ ಕಣ್ಣ ಮುಂದೆ ಕೆಳಗೆ ಆ ಬೆಟ್ಟ, ಮೇಲೆ ಆ ಆಕಾಶ. ಅಷ್ಟೇ ಆಗಿದ್ದರೆ ನೆನಪಿನ ಕಾಣಿಕೆ ಅನ್ನಬಹುದಿತ್ತು. ಇನ್ನೊಂದು ಕಾರಣ ಇದೆ, ಅದು ಮೋಡ.

ಕೇಪ್‌ಟೌನ್‌ನಲ್ಲಿ ಬೇಸಿಗೆ ಎಂದರೆ ನವೆಂಬರ್‌ನಿಂದ ಫೆಬ್ರವರಿ. ಆಗ ಆಗ್ನೇಯದಿಂದ ಜೋರು ಗಾಳಿ ಬೀಸುತ್ತದೆ. ಸಮುದ್ರದ ಮೇಲಿನಿಂದ ತೇವ ಹೊತ್ತು ಬರುವ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ನೆತ್ತಿಯ ಮೇಲೆ ಬಿಳಿ ಮೋಡ ಆಗುತ್ತದೆ. ನಮ್ಮ ಘಟ್ಟದಲ್ಲಿ ಮಳೆಗಾಲದಲ್ಲಿ ಆಗುವುದೂ ಇದೇ. ಆದರೆ ಇಲ್ಲಿ ಮೋಡ ಬೆಟ್ಟವನ್ನೇ ನುಂಗಿಬಿಡುತ್ತದೆ, ಮಳೆ ಸುರಿಯುತ್ತದೆ. ಅಲ್ಲಿ ಹಾಗಲ್ಲ. ಮೋಡ ಚಪ್ಪಟೆ ನೆತ್ತಿಯ ಮೇಲೆ ಹರಡಿ, ಊರಿನ ಕಡೆಯ ಅಂಚಿನಿಂದ ಇಳಿಬೀಳುತ್ತದೆ. ಇಳಿಯುತ್ತ ಗಾಳಿ ಬೆಚ್ಚಗಾಗಿ, ಅರ್ಧ ದಾರಿಯಲ್ಲೇ ಕರಗಿಹೋಗುತ್ತದೆ. ಮೇಲಿನಿಂದ ಸುರಿಯುತ್ತಲೇ ಇರುತ್ತದೆ, ಕೆಳಗೆ ಮುಟ್ಟುವುದೇ ಇಲ್ಲ. ಕೆಳಗೆ ನಿಂತು ನೋಡಿದರೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಂಚು ಇಳಿಬಿಟ್ಟಂತೆ. ಊರಿನವರು ಅದನ್ನು ಮೇಜಿನ ಬಟ್ಟೆ ಎಂದೇ ಕರೆಯುತ್ತಾರೆ. ವಾನ್ ಹಂಕ್ಸ್ ಎಂಬ ಮುದುಕ ಪಕ್ಕದ ಗುಡ್ಡದಲ್ಲಿ ಕೂತು ಸೈತಾನನ ಜೊತೆ ಪೈಪು ಸೇದುವ ಪಂದ್ಯ ಕಟ್ಟಿದ, ಅದರ ಹೊಗೆಯೇ ಈ ಮೋಡ ಎಂಬ ಕಥೆಯೂ ಅಲ್ಲಿದೆ. ನೋಡಿ, ಪುರಾಣ ಬೇಕು ಅಂದಿದ್ದಿರಿ, ಸಣ್ಣದೊಂದು ಸಿಕ್ಕಿತು.

ಈಗ ಆಕಾಶಕ್ಕೆ ಬನ್ನಿ. ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುವ ಎರಡು ಬಿಳಿ ಮಚ್ಚೆಗಳಿವೆ, ಮೆಗೆಲನ್ ಮೋಡಗಳು ಎಂದು ಹೆಸರು. ನಿಜವಾದ ಮೋಡಗಳಲ್ಲ, ನಮ್ಮ ಹಾಲುಹಾದಿಯ ಪಕ್ಕದ ಪುಟ್ಟ ಗೆಲಾಕ್ಸಿಗಳು. ದೊಡ್ಡದು ನಮ್ಮಿಂದ ಸುಮಾರು 1,60,000 ಜ್ಯೋತಿರ್ವರ್ಷ ದೂರ. ಲಕಾಯ್ ತಮ್ಮ ಬೆಟ್ಟವನ್ನು ಇಟ್ಟಿದ್ದು ಸರಿಯಾಗಿ ಈ ದೊಡ್ಡ ಮೋಡದ ಕೆಳಗೆ. ಕೇಪ್‌ನಲ್ಲಿ ನಿಂತು ನೋಡುವವರಿಗೆ ಮೇಲೆ ಬಿಳಿ ಮೋಡ, ಅದರ ಅಡಿಯಲ್ಲಿ ನಕ್ಷತ್ರದ ಬೆಟ್ಟ, ಇನ್ನೂ ಕೆಳಗೆ ಕಲ್ಲಿನ ಬೆಟ್ಟ. ಬಿಳಿ ಮೋಡ ಹೊದೆಯುವುದಕ್ಕೆ ಹೆಸರಾದ ಬೆಟ್ಟ ಎಂಬ ಕಾರಣವನ್ನು ಅವರೇ ಬರೆದಿಟ್ಟಿದ್ದಾರೆ. ಸಲಕರಣೆಗಳ ಆ ಒಣ ಪಟ್ಟಿಯ ನಡುವೆ ಈ ಒಂದು ಕಡೆ ಮಾತ್ರ ಅವರು ತಲೆ ಎತ್ತಿ ಸುಮ್ನೆ ನೋಡಿದ್ದರು ಅನ್ನಿಸುತ್ತದೆ ನನಗೆ. ಆಕಾಶ ನಿಧಾನವಾಗಿ ತಿರುಗುವುದರಿಂದ, ಆರು ತಿಂಗಳ ಮೇಲೆ ಅದೇ ಹೊತ್ತಿಗೆ ನೋಡಿದರೆ ಬೆಟ್ಟ ತಲೆಕೆಳಗಾಗಿ ಬಟ್ಟೆ ಕೆಳಗೆ ಬಂದಿರುತ್ತದೆ. ಅದನ್ನು ಅವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಹೆಸರು ಉದುರಿದ ಕಥೆ ಈಗ. 1756ರಲ್ಲಿ ಅಚ್ಚಾದ ನಕ್ಷೆಯಲ್ಲಿ ಲಕಾಯ್ ಫ್ರೆಂಚಿನಲ್ಲಿ ‘ಮೊಂತಾಞ್ ದ ಲಾ ತಾಬ್ಲ್’ ಎಂದು ಬರೆದರು, ಮೇಜಿನ ಬೆಟ್ಟ. ಅವರು 1762ರಲ್ಲಿ ತೀರಿಕೊಂಡರು. ಮರುವರ್ಷ ಹೊರಬಂದ ಅವರ ನಕ್ಷತ್ರಪಟ್ಟಿಯಲ್ಲಿ ಅದು ಲ್ಯಾಟಿನ್‌ಗೆ ತಿರುಗಿ ‘ಮೋನ್ಸ್ ಮೆನ್ಸೇ’ ಆಯಿತು. ಆಗಲೂ ಅರ್ಥ ಮೇಜಿನ ಬೆಟ್ಟವೇ. ಆಮೇಲೆ 1844ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾನ್ ಹರ್ಷೆಲ್, ಎರಡು ಪದದ ಹೆಸರುಗಳು ಬಳಸಲು ತೊಡಕು, ಎಲ್ಲವನ್ನೂ ಒಂದೇ ಪದಕ್ಕೆ ಇಳಿಸೋಣ ಎಂದು ಸಲಹೆ ಕೊಟ್ಟರು. 1845ರಲ್ಲಿ ಬಂದ ಫ್ರಾನ್ಸಿಸ್ ಬೇಲಿಯವರ ದೊಡ್ಡ ಪಟ್ಟಿಯಲ್ಲಿ ಅದು ಜಾರಿಗೆ ಬಂತು. ಮೋನ್ಸ್ ಹೋಯಿತು, ಮೆನ್ಸಾ ಉಳಿಯಿತು.

ಕತ್ತರಿ ಬಿದ್ದಿದ್ದು ಇದೊಂದಕ್ಕೇ ಅಲ್ಲ. ಚಿತ್ರಕಾರ ಹಲಗೆ ನಿಲ್ಲಿಸಿಕೊಳ್ಳುವ ಸ್ಟ್ಯಾಂಡು ಒಂದು ಪುಂಜವಾಗಿತ್ತು, ಅದರಲ್ಲಿ ಸ್ಟ್ಯಾಂಡು ಹೋಗಿ ಚಿತ್ರಕಾರ ಉಳಿದ. ಶಿಲ್ಪಿಯ ಕೆಲಸದ ಕೋಣೆ ಇತ್ತು, ಕೋಣೆ ಹೋಗಿ ಶಿಲ್ಪಿ ಉಳಿದ. ಅವು ಹೇಗೋ ನಡೆಯುತ್ತವೆ. ಬೆಟ್ಟದ ವಿಷಯದಲ್ಲಿ ಮಾತ್ರ ಅರ್ಥವೇ ಎಗರಿಹೋಯಿತು. ‘ಕುದುರೆಮುಖ’ ಉದ್ದವಾಯಿತು ಎಂದು ನಾಳೆ ಯಾರಾದರೂ ‘ಕುದುರೆ’ ಎಂದು ನಕ್ಷೆಯಲ್ಲಿ ಬರೆದರೆ ಹೇಗೆ? ನೂರು ವರ್ಷದ ಮೇಲೆ ಮಕ್ಕಳು ಚಿಕ್ಕಮಗಳೂರಿಗೆ ಬಂದು, ಕುದುರೆ ಎಲ್ಲಿ ಕಟ್ಟಿದ್ದರು ಎಂದು ಕೇಳುತ್ತಾರೆ. ನಿಮ್ಮ ಮಗಳು ಈಗ ಕೇಳಿದ್ದು ಅದೇ ಪ್ರಶ್ನೆ.

ತಮಾಷೆ ಏನೆಂದರೆ, ಈ ಹರ್ಷೆಲ್ ಆ ಬೆಟ್ಟವನ್ನು ನೋಡದವರಲ್ಲ. 1834ರಿಂದ 1838ರವರೆಗೆ ನಾಲ್ಕು ವರ್ಷ ಸಂಸಾರ ಸಮೇತ ಅದರ ಬುಡದಲ್ಲೇ ಮನೆ ಮಾಡಿ, ದೊಡ್ಡ ದೂರದರ್ಶಕ ನಿಲ್ಲಿಸಿ, ದಕ್ಷಿಣದ ಆಕಾಶ ಶೋಧಿಸಿದವರು. ಆ ಬೆಟ್ಟದ ನೆರಳಲ್ಲಿ ಬದುಕಿದವರೇ ಹೆಸರಿನಿಂದ ಬೆಟ್ಟವನ್ನು ಕಿತ್ತರು. ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕು ಅನ್ನಿಸುವುದಿಲ್ಲವೇನೋ.

ಬೆಟ್ಟ ಮಾತ್ರ ಲಕಾಯ್ ಅವರಿಗೆ ಇನ್ನೊಂದು ಆಟ ಆಡಿಸಿತ್ತು. ಇದು ನನಗೆ ಇಡೀ ಕಥೆಯಲ್ಲೇ ಇಷ್ಟವಾದ ಭಾಗ. ಇಲ್ಲಿ ಬೆಂಗಳೂರೂ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೇಪ್‌ನಲ್ಲಿದ್ದಾಗ ಲಕಾಯ್ ಇನ್ನೊಂದು ಕೆಲಸ ಮಾಡಿದರು. ಭೂಮಿಯ ಆಕಾರ ತಿಳಿಯಲು ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶದ ಉದ್ದವನ್ನು ನೆಲದ ಮೇಲೆ ಅಳೆದರು. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಹಾಗಾಗಿ ಧ್ರುವದ ಕಡೆ ಹೋದಷ್ಟೂ ಒಂದು ಡಿಗ್ರಿಯ ಉದ್ದ ಜಾಸ್ತಿಯಾಗುತ್ತದೆ. ಕೇಪ್ ಇರುವುದು 34 ಡಿಗ್ರಿ ದಕ್ಷಿಣದ ಹತ್ತಿರ. ಅಲ್ಲಿ ಬರಬೇಕಾದ ಉದ್ದಕ್ಕಿಂತ ಜಾಸ್ತಿ ಬಂತು, ಹೆಚ್ಚುಕಡಿಮೆ ಫ್ರಾನ್ಸಿನಲ್ಲಿ ಬಂದಷ್ಟು. ಹಾಗಾದರೆ ಭೂಮಿಯ ದಕ್ಷಿಣಾರ್ಧ ಉತ್ತರಾರ್ಧದಂತಿಲ್ಲವೇ? ಭೂಮಿ ಪೇರು ಹಣ್ಣಿನ ಹಾಗೆ ಒಂದು ಕಡೆ ಬೇರೆ ಆಕಾರವೇ? ಲಕಾಯ್ ಅಂಥ ಎಚ್ಚರದ ಮನುಷ್ಯ ತಪ್ಪು ಅಳೆದಿರಲಾರರು ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಈ ಗಂಟು ಬಿಡಿಸಲಾಗದೆ ಅರವತ್ತು ಎಪ್ಪತ್ತು ವರ್ಷ ಹಾಗೇ ಉಳಿಯಿತು.

ಇತ್ತ ನಮ್ಮ ಕಡೆ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಾಸಿ ನೆಲ ಅಳೆಯಲು ಶುರುಮಾಡಿದ್ದರು. ಅದೇ ಬೆಳೆದು ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ದೊಡ್ಡ ಸರ್ವೆ ಆಯಿತು. 1818ರಲ್ಲಿ ಅವರಿಗೆ ಸಹಾಯಕರಾಗಿ ಬಂದವರು ಜಾರ್ಜ್ ಎವರೆಸ್ಟ್. ಹೌದು, ಹಿಮಾಲಯದ ಶಿಖರಕ್ಕೆ ಆಮೇಲೆ ಇವರ ಹೆಸರನ್ನೇ ಇಟ್ಟರು. ಕಾಡಿನಲ್ಲಿ ಅಳೆಯುತ್ತ ಜ್ವರ ಹತ್ತಿ ಎವರೆಸ್ಟ್ ಹಾಸಿಗೆ ಹಿಡಿದರು. ಸುಧಾರಿಸಿಕೊಳ್ಳಲು 1820ರಲ್ಲಿ ಅವರನ್ನು ಕೇಪ್‌ಗೆ ಕಳಿಸಿದರು. ಸುಮ್ಮನೆ ಕೂರುವ ಮನುಷ್ಯ ಅಲ್ಲ. ಲಕಾಯ್ ಅಳೆದ ಜಾಗಗಳನ್ನೆಲ್ಲ ಹುಡುಕಿಕೊಂಡು ಹೋದರು.

ನೋಡಿದ ತಕ್ಷಣ ಅವರ ಕಣ್ಣಿಗೆ ಬಿದ್ದಿದ್ದು ಬೆಟ್ಟಗಳು. ಅಕ್ಷಾಂಶ ಅಳೆಯಲು ನೆತ್ತಿಯ ಮೇಲಿನ ನೇರ ಬಿಂದು ಬೇಕು. ಅದು ಸಿಗುವುದು ತೂಗುಗುಂಡಿನಿಂದ, ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುತ್ತಾರಲ್ಲ, ಅದೇ. ಆದರೆ ಪಕ್ಕದಲ್ಲಿ ದೊಡ್ಡ ಬೆಟ್ಟ ಇದ್ದರೆ ಅದು ಗುಂಡನ್ನು ತನ್ನ ಕಡೆ ಕೂದಲೆಳೆಯಷ್ಟು ಎಳೆಯುತ್ತದೆ. ಕಲ್ಲಿನ ರಾಶಿಗೂ ಗುರುತ್ವ ಇರುತ್ತದಲ್ಲ. ಲಕಾಯ್ ಅಳತೆಯ ದಕ್ಷಿಣದ ತುದಿಯಲ್ಲಿ ಟೇಬಲ್ ಮೌಂಟನ್ ಗುಂಡನ್ನು ದಕ್ಷಿಣಕ್ಕೆ ಎಳೆದಿತ್ತು. ಉತ್ತರದ ತುದಿಯಲ್ಲೂ ಬೆಟ್ಟಗಳಿದ್ದವು. ಹೀಗೆ ಆಕಾಶದಲ್ಲಿ ಅಳೆದ ಕೋನ ಕೆಟ್ಟಿತು. ನೆಲದ ಅಳತೆ ಸರಿಯೇ ಇತ್ತು, ಅದನ್ನು ಭಾಗಿಸಿದ ಕೋನ ಮಾತ್ರ ಚಿಕ್ಕದಾಗಿತ್ತು. ಅದಕ್ಕೇ ಡಿಗ್ರಿ ಉದ್ದ ಕಂಡಿತು. 1840ರ ದಶಕದಲ್ಲಿ ಕೇಪ್‌ನ ಖಗೋಳಜ್ಞ ಥಾಮಸ್ ಮಕ್ಲಿಯರ್ ಮತ್ತೆ ಎಲ್ಲವನ್ನೂ ಅಳೆದು, ಎವರೆಸ್ಟ್ ಹೇಳಿದ್ದು ಸರಿ ಎಂದು ತೋರಿಸಿದರು. ಆ ಅಳತೆಗಾಗಿ ಬೆಟ್ಟದ ನೆತ್ತಿಯಲ್ಲಿ ಅವರು ಕಟ್ಟಿಸಿದ ಕಲ್ಲಿನ ಗುಪ್ಪೆಯ ಜಾಗವೇ ಟೇಬಲ್ ಮೌಂಟನ್‌ನ ತುತ್ತತುದಿ. ಇವತ್ತಿಗೂ ಅದಕ್ಕೆ ಮಕ್ಲಿಯರ್ ಹೆಸರೇ ಇದೆ.

ಅಂದರೆ ಲಕಾಯ್ ಯಾವ ಬೆಟ್ಟವನ್ನು ಮೆಚ್ಚಿ ಆಕಾಶದಲ್ಲಿ ಕೂರಿಸಿದರೋ ಅದೇ ಬೆಟ್ಟ ಅವರ ತೂಗುಗುಂಡನ್ನು ಕದ್ದು ಎಳೆಯುತ್ತಿತ್ತು. ಪಾಪ, ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕನ್ನಡದ ಹೆಸರಿಗೆ ಬರೋಣ. ಹಳೆಯ ಹೆಸರು ಇರಲಾರದು, ಕಾರಣ ಮೊದಲೇ ಹೇಳಿದೆ. ನನ್ನ ಮಟ್ಟಿಗೆ ‘ಮೇಜುಬೆಟ್ಟ’ ಎನ್ನುವುದು ಸರಿ. ಲಕಾಯ್ ಇಟ್ಟಿದ್ದೂ ಅದನ್ನೇ. ‘ಪೀಠಗಿರಿ’ ಎಂದೆಲ್ಲ ಮಾಡಬಹುದು, ಆದರೆ ಪೀಠ ಅಂದರೆ ನಮಗೆ ಮಠ ನೆನಪಾಗುತ್ತದೆ. ಮೇಜು ಎಂಬ ಪದಕ್ಕೆ ಇನ್ನೊಂದು ಹಕ್ಕೂ ಇದೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಪೋರ್ಚುಗೀಸ್‌ನಿಂದ ಬಂದ ಪದಗಳು ಎಂದು ಅಲಮಾರು, ಸಾಬೂನು, ಪಾದ್ರಿ, ಮೇಜು ಎಂದು ಬಾಯಿಪಾಠ ಮಾಡಿದ್ದು ನೆನಪಿದೆಯಾ? ಪೋರ್ಚುಗೀಸರ ‘ಮೇಜ’ ಹುಟ್ಟಿದ್ದು ಲ್ಯಾಟಿನ್ನಿನ ಇದೇ ಮೆನ್ಸಾದಿಂದ. ಪಾರಸಿಯಲ್ಲೂ ‘ಮೇಜ್’ ಇದೆ, ನಮ್ಮ ಪದ ಆ ದಾರಿಯಿಂದ ಬಂತು ಎನ್ನುವವರೂ ಇದ್ದಾರೆ. ಪುಸ್ತಕ ಹೇಳಿದ ದಾರಿ ಸರಿಯಾದರೆ, ನಿಮ್ಮ ಮಗಳು ಹೋಮ್‌ವರ್ಕ್ ಬರೆಯುವ ಮೇಜೂ ಆಪ್‌ನಲ್ಲಿ ಕಂಡ ಮೆನ್ಸಾವೂ ಅಕ್ಕತಂಗಿಯರು. ಬೆಟ್ಟಕ್ಕೆ ಮೇಜಿನ ಹೆಸರು ಇಟ್ಟವರೂ ಪೋರ್ಚುಗೀಸರೇ. 1503ರಲ್ಲಿ ಭಾರತಕ್ಕೆ ಹೊರಟಿದ್ದ ಅಂತೋನಿಯೊ ದ ಸಲ್ದಾನ್ಯ ದಾರಿ ತಪ್ಪಿ ಆ ಕೊಲ್ಲಿಗೆ ಬಂದು, ತಾವು ಎಲ್ಲಿದ್ದೇವೆಂದು ತಿಳಿಯಲು ಬೆಟ್ಟ ಹತ್ತಿದ. ಅವನಿಗಿಂತ ಮುಂಚೆ ಅಲ್ಲಿದ್ದ ಖೋಯಿ ಜನರು ಅದನ್ನು ‘ಕಡಲಲ್ಲಿರುವ ಬೆಟ್ಟ’ ಎನ್ನುತ್ತಿದ್ದರು ಎಂದು ಹೇಳುತ್ತಾರೆ. ಅದು ಮೇಜಿಗಿಂತ ಚೆಂದದ ಹೆಸರು.

ಈ ಪುಂಜದಲ್ಲಿ ನೋಡಲು ಏನಿದೆ? ನಿಜ ಹೇಳಬೇಕೆಂದರೆ ಕಣ್ಣಿಗೆ ಏನೂ ಇಲ್ಲ. ಈಗ ಒಪ್ಪಿರುವ 88 ನಕ್ಷತ್ರಪುಂಜಗಳಲ್ಲಿ ಪ್ರತಿಯೊಂದರ ಅತಿ ಹೊಳೆಯುವ ನಕ್ಷತ್ರವನ್ನು ಸಾಲಾಗಿ ನಿಲ್ಲಿಸಿದರೆ ಮೆನ್ಸಾದ್ದು ಕಡೆಯಲ್ಲಿ ನಿಲ್ಲುತ್ತದೆ. ಅದರ ಆಲ್ಫಾ ನಕ್ಷತ್ರದ ಕಾಂತಿಮಾನ 5.09. ಈ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಬೆಳಕು ಮಂಕು, ಒಳ್ಳೆಯ ಕತ್ತಲಲ್ಲಿ ಬರಿಗಣ್ಣು ಮುಟ್ಟುವುದು 6ರವರೆಗೆ. ಆದರೂ ಆ ಆಲ್ಫಾ ಬಡಪಾಯಿ ಅಲ್ಲ. ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದೇ ನಕ್ಷತ್ರ, 33 ಜ್ಯೋತಿರ್ವರ್ಷ ದೂರ. ಅಲ್ಲಿಂದ ಯಾರಾದರೂ ಈ ಕಡೆ ನೋಡಿದರೆ ನಮ್ಮ ಸೂರ್ಯನೂ ಅಷ್ಟೇ ಮಂಕು ಚುಕ್ಕೆ. ಪೈ ಎಂಬ ಇನ್ನೊಂದು ನಕ್ಷತ್ರದ ಸುತ್ತ ಗ್ರಹಗಳಿವೆ. ಅವುಗಳಲ್ಲಿ ಒಂದು, ನಮ್ಮ ಭೂಮಿಯ ಎರಡು ಪಟ್ಟು ಅಗಲದ್ದು, 2018ರಲ್ಲಿ ಟೆಸ್ ದೂರದರ್ಶಕಕ್ಕೆ ಸಿಕ್ಕ ಮೊದಲ ಹೊಸ ಗ್ರಹ. ಅದರ ಒಂದು ವರ್ಷ ಆರೂಕಾಲು ದಿನದಲ್ಲಿ ಮುಗಿಯುತ್ತದೆ.

ಕೆಲವು ವರ್ಷದ ಹಿಂದೆ ಆಸ್ಟ್ರೇಲಿಯಾದ ಅಡಿಲೇಡ್‌ಗೆ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಮೆನ್ಸಾ ಮುಳುಗುವುದೇ ಇಲ್ಲ, ವರ್ಷಪೂರ್ತಿ ದಕ್ಷಿಣ ಧ್ರುವದ ಸುತ್ತ ಗಿರಕಿ ಹೊಡೆಯುತ್ತದೆ. ಜನವರಿಯ ಒಂದು ರಾತ್ರಿ ಭಾವ ಕಾರಿನಲ್ಲಿ ಊರಾಚೆ ಕರೆದುಕೊಂಡು ಹೋದರು. ಇಳಿದು ತಲೆ ಎತ್ತಿದರೆ ನಾನು ಹುಡುಕಬೇಕಾದ ಜಾಗದಲ್ಲೇ ಒಂದು ತುಂಡು ಮೋಡ. ಥತ್, ಇವತ್ತು ಆಗುವುದಿಲ್ಲ ಬನ್ನಿ ಭಾವ, ಎಂದು ಕಾರಿನ ಬಾಗಿಲು ತೆಗೆದೆ. ಅವರು ಸುತ್ತ ನೋಡಿ, ‘ಗಾಳಿ ಇಷ್ಟು ಜೋರಾಗಿದೆ, ಆ ಮೋಡ ಮಾತ್ರ ಯಾಕೆ ಅಲುಗಾಡುತ್ತಿಲ್ಲ?’ ಅಂದರು. ಮೂವತ್ತು ವರ್ಷದಿಂದ ಮೆಗೆಲನ್ ಮೋಡದ ಬಗ್ಗೆ ಮಾತಾಡುತ್ತ ಬಂದವನು ನಾನು. ಅದರ ಕೆಳಗಿನ ಬೆಟ್ಟದ ನಾಲ್ಕು ಚುಕ್ಕೆ ಗುರುತಿಸಲು ಇನ್ನೂ ಅರ್ಧ ಗಂಟೆ ಬೇಕಾಯಿತು. ನಾಲ್ಕು ಚುಕ್ಕೆ ಸೇರಿಸಿದರೆ ಬೆಟ್ಟವೂ ಆಗುವುದಿಲ್ಲ, ಮೇಜೂ ಆಗುವುದಿಲ್ಲ ಬಿಡಿ.

ಹುಬ್ಬಳ್ಳಿಯಿಂದ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಎಂಟನೇ ತರಗತಿಗೆ ಕಷ್ಟವಲ್ಲ. 90ರಿಂದ ನಿಮ್ಮ ಊರಿನ ಅಕ್ಷಾಂಶ ಕಳೆಯಿರಿ. ಅದರಿಂದ ನಕ್ಷತ್ರ ಆಕಾಶದ ನಡುಗೆರೆಯಿಂದ (ನಮ್ಮ ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) ದಕ್ಷಿಣಕ್ಕೆ ಎಷ್ಟು ಡಿಗ್ರಿ ಇದೆಯೋ ಅಷ್ಟು ಕಳೆಯಿರಿ. ಉಳಿದದ್ದು ಆ ನಕ್ಷತ್ರ ನಿಮ್ಮ ದಿಗಂತದ ಮೇಲೆ ಏರಬಹುದಾದ ಎತ್ತರ. ಹುಬ್ಬಳ್ಳಿ ಸುಮಾರು 15.36. ಆಲ್ಫಾ ಮೆನ್ಸೇ 74.75. ಲೆಕ್ಕ ಮಾಡಿ. ಸೊನ್ನೆಗಿಂತ ಒಂದು ಕೂದಲು ಕೆಳಗೆ ಬಂತು ಅಲ್ವಾ? ಗಾಳಿ ಬೆಳಕನ್ನು ಬಗ್ಗಿಸುವುದರಿಂದ ದಿಗಂತದಲ್ಲಿ ಅರ್ಧ ಡಿಗ್ರಿ ಎತ್ತಿ ತೋರಿಸುತ್ತದೆ. ಹಾಗಾಗಿ ನಿಮ್ಮ ಊರಲ್ಲಿ ಅದು ನೆಲವನ್ನು ಸವರಿಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ಎರಡು ಡಿಗ್ರಿ ಏರುತ್ತದೆ. ಬೀದರ್‌ನಲ್ಲಿ ಏಳುವುದೇ ಇಲ್ಲ. ಪುಂಜದ ಮೇಲಿನ ಅಂಚು ಕರ್ನಾಟಕದ ಎಲ್ಲ ಕಡೆಯೂ ಏರುತ್ತದೆ. ಪೂರ್ತಿ ಪುಂಜ ಮಾತ್ರ ಭಾರತದ ಯಾವ ಮೂಲೆಯಲ್ಲೂ ಏರುವುದಿಲ್ಲ, ನಿಕೋಬಾರ್‌ನ ದಕ್ಷಿಣ ತುದಿಯಲ್ಲೂ ಇಲ್ಲ. ಅದಕ್ಕೆ ಮಾಲ್ದೀವ್ಸ್‌ನ ಮಾಲೆಯಷ್ಟು ಕೆಳಗೆ ಇಳಿಯಬೇಕು.

ಏರುತ್ತದೆ ಅನ್ನುವುದು ಬೇರೆ, ಕಾಣುತ್ತದೆ ಅನ್ನುವುದು ಬೇರೆ. ದಿಗಂತದಿಂದ ಎರಡು ಡಿಗ್ರಿ ಎತ್ತರದಲ್ಲಿ ಬೆಳಕು ನಮ್ಮ ಕಣ್ಣಿಗೆ ಬರುವ ದಾರಿಯಲ್ಲಿ ಗಾಳಿಯ ಪದರ ನೆತ್ತಿಗಿಂತ ಇಪ್ಪತ್ತು ಪಟ್ಟು ದಪ್ಪ. ಮೊದಲೇ ಮಂಕು ನಕ್ಷತ್ರ, ಅದರ ಮೇಲೆ ಧೂಳು, ಊರಿನ ದೀಪ. ಹಾಗಾಗಿ ಮೇಜುಬೆಟ್ಟ ನಿಮಗೆ ಕಾಣುವುದಿಲ್ಲ. ಆಪ್ ಸುಳ್ಳು ಹೇಳಲಿಲ್ಲ. ಅದಕ್ಕೆ ಗಾಳಿ, ಧೂಳು, ಪಕ್ಕದ ಮನೆಯ ನೀರಿನ ಟ್ಯಾಂಕು ಇವು ಯಾವುವೂ ಗೊತ್ತಿಲ್ಲ, ಅಷ್ಟೇ.

ಆದರೆ ಅದು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು. ಅದಕ್ಕೆ ಅಗಸ್ತ್ಯ ಬೇಕು. ಫೆಬ್ರವರಿ ಮೊದಲ ವಾರ, ರಾತ್ರಿ ಒಂಬತ್ತೂವರೆ ಸುಮಾರಿಗೆ ಮಾಳಿಗೆಗೆ ಹೋಗಿ ದಕ್ಷಿಣಕ್ಕೆ ಮುಖ ಮಾಡಿ. ಎತ್ತರದಲ್ಲಿ ಲುಬ್ಧಕ, ರಾತ್ರಿ ಆಕಾಶದ ಅತಿ ಹೊಳೆಯುವ ನಕ್ಷತ್ರ. ಅದರಿಂದ ಕೆಳಗೆ ಬಂದರೆ, ತಗ್ಗಿನಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಎರಡನೇ ಸ್ಥಾನ ಅದರದ್ದು. ಆಲ್ಫಾ ಮೆನ್ಸೇಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬೆಳಕು. ಈಗ ಕೈಯನ್ನು ಪೂರ್ತಿ ಚಾಚಿ, ಗೇಣು ಅಗಲಿಸಿ, ಕಿರುಬೆರಳ ತುದಿಯನ್ನು ಅಗಸ್ತ್ಯನ ಮೇಲಿಟ್ಟು ಹೆಬ್ಬೆರಳನ್ನು ನೇರ ಕೆಳಗೆ ಇಳಿಸಿ. ಚಾಚಿದ ಗೇಣು ಆಕಾಶದಲ್ಲಿ ಇಪ್ಪತ್ತು ಡಿಗ್ರಿಯ ಮೇಲೆ ಸ್ವಲ್ಪ. ಅಗಸ್ತ್ಯನಿಂದ ಆಲ್ಫಾ ಮೆನ್ಸೇಗೆ 22. ಹುಬ್ಬಳ್ಳಿಯಲ್ಲಿ ಅಗಸ್ತ್ಯ ದಿಗಂತದಿಂದ ಏರುವುದೂ 22. ನಿಮ್ಮ ಹೆಬ್ಬೆರಳು ಎಲ್ಲಿ ನೆಲ ಮುಟ್ಟಿತೋ ಅಲ್ಲೇ ಲಕಾಯ್ ಅವರ ಬೆಟ್ಟ.

ನಮ್ಮ ಕಥೆಯಲ್ಲಿ ಅಗಸ್ತ್ಯರು ದಕ್ಷಿಣಕ್ಕೆ ಹೋಗುವಾಗ ವಿಂಧ್ಯ ಪರ್ವತ ಬಗ್ಗಿ ದಾರಿ ಬಿಟ್ಟಿತು, ನಾನು ವಾಪಸ್ ಬರುವವರೆಗೆ ಹೀಗೇ ಇರು ಎಂದು ಅವರು ಹೇಳಿಹೋದರು, ಬರಲೇ ಇಲ್ಲ. ಈಗ ಅವರ ಹೆಸರಿನ ನಕ್ಷತ್ರದ ನೇರ ಕೆಳಗೆ, ನೆತ್ತಿ ಚಪ್ಪಟೆಯಾದ ಒಂದು ಬೆಟ್ಟ ನೆಲಕ್ಕೆ ಅಂಟಿ ಮಲಗಿದೆ. ಬರೀ ಕಾಕತಾಳೀಯ. ಆದರೆ ಮಗಳಿಗೆ ಕಥೆ ಬೇಕೇ ಬೇಕು ಎಂದರೆ ಇದನ್ನು ಹೇಳಿ, ಲಕಾಯ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಗೇಣಿನ ಅಳತೆಯನ್ನು ಅವಳ ಕೈಯಲ್ಲೇ ಮಾಡಿಸಿ. ಕೈ ಚಿಕ್ಕದು ಎಂದು ಯೋಚಿಸಬೇಡಿ. ಗೇಣು ಚಿಕ್ಕದಾದಷ್ಟೇ ತೋಳೂ ಚಿಕ್ಕದಿರುತ್ತದೆ, ಲೆಕ್ಕ ಹೆಚ್ಚುಕಡಿಮೆ ಒಂದೇ ಬರುತ್ತದೆ. ನೀವು ಮಾಳಿಗೆಯ ದೀಪ ಮಾತ್ರ ಆರಿಸಿ ಬನ್ನಿ.